ಮೆತ್ತಗಿರಬೇಕಾದ ಜಾಗ

ಫೆಬ್ರವರಿ 18

ನನ್ನ ಗೋಡೆಗೆ,

ಕ್ಷೇಮವಾಗಿ ಮನೆ ಮುಟ್ಟಿದೆವು. ಬಸ್ಸಿನಲ್ಲಿ ನಿಮ್ಮಣ್ಣ ನನ್ನ ಹೆಗಲ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ಗೊರಕೆ ಹೊಡೆದರು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನಾನು ಇವರು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ಇವರು ಪಕ್ಕದಿಂದ ತಲೆ ತೂರಿಸಿ ನನ್ನ ಮಾತನ್ನೂ ತಾವೇ ಆಡಿ ಮುಗಿಸುತ್ತಾರೆ. ಶಾಲೆಯಲ್ಲಿ ಹಿಂದಿನ ಬೆಂಚಿನಿಂದ ನಿನಗೆ ಚೀಟಿ ಎಸೆಯುತ್ತಿದ್ದ ಕೈ ಇದು. ನನ್ನನ್ನು ನಿಮ್ಮಣ್ಣನಿಗೆ ಗಂಟು ಹಾಕಿಸಿ ನೀನು ಗೆಳತಿಯಿಂದ ನಾದಿನಿಯಾಗಿ ಬಡ್ತಿ ಪಡೆದೆ, ಚೀಟಿಯ ಚಟ ಮಾತ್ರ ನನಗೆ ಉಳಿದುಹೋಯಿತು.

ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದಿದೆ, ಕೈ ಕುದುರುವ ತನಕ ಆರೋಗ್ಯವಂತರು ಬೇಕು, ಸಿಬ್ಬಂದಿಯ ಮನೆಯವರೆಲ್ಲ ಒಂದೊಂದು ಸಲ ಮಲಗಿಕೊಡಿ ಎಂದು ನಮ್ಮನ್ನೂ ಕುರಿ ಮಾಡಿದೆಯಲ್ಲ, ಅದನ್ನು ಮರೆಯುವುದಿಲ್ಲ. ಹೊಟ್ಟೆಯ ಮೇಲೆ ಆ ತಣ್ಣನೆಯ ಜೆಲ್ ಬಿದ್ದಾಗ ನಾನು ಕಿರುಚಿದ್ದು ಹೊರಗೆ ಕೂತವರಿಗೂ ಕೇಳಿಸಿತಂತೆ. ಆದರೆ ನೀನು ಹೇಳಿಕೊಟ್ಟದ್ದು ತಲೆಯಲ್ಲಿ ಉಳಿದಿದೆ. ಯಂತ್ರ ಶಬ್ದದಿಂದಲೇ ಲಿವರಿಗೆ ಒಂದು ಸಣ್ಣ ತಟ್ಟು ಕೊಡುತ್ತದೆ, ಆ ತಟ್ಟಿನ ಅಲೆ ಮೆತ್ತಗಿದ್ದ ಕಡೆ ನಿಧಾನವಾಗಿ ಹೋಗುತ್ತದೆ, ಗಟ್ಟಿಯಾದ ಕಡೆ ಓಡುತ್ತದೆ. ಕಣ್ಣು ಹಳದಿಯಾಗುವುದಕ್ಕೆ ಎಷ್ಟೋ ಮುಂಚೆ ಅದಕ್ಕೆ ಗೊತ್ತಾಗಿಬಿಡುತ್ತದೆ. "ನಾಲಿಗೆ ಒಂದು ಬಿಟ್ಟು ಉಳಿದದ್ದೆಲ್ಲ ಮೆತ್ತಗಿದೆ ಕಣೇ" ಎಂದೆ ನೀನು. ಅದನ್ನೂ ಮರೆಯುವುದಿಲ್ಲ.

ಇವರನ್ನು ಒಳಗೆ ಕರೆದುಕೊಂಡ ಮೇಲೆ ತುಂಬ ಹೊತ್ತಾಯಿತು. ಡಾಕ್ಟರೂ ಒಳಗೆ ಹೋದರು. ಬಾಗಿಲ ಸಂದಿಯಿಂದ ನಿನ್ನ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ನನಗೆ ಅಷ್ಟು ಸಾಕಾಯಿತು. ಬಸ್ಸು ಹತ್ತಿದ ಮೇಲೆ ಕೆದಕಿ ಕೆದಕಿ ಕೇಳಿದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ನಾನು ಹೆದರಿದಷ್ಟೇನೂ ಇರಲಿಲ್ಲ. ಇನ್ನು ನೀನು ಆ ಮಾತು ಎತ್ತಬೇಡ, ತಾಯಿ. ಅಪ್ಪನ ಕಾಲದಲ್ಲಿ ಒಂದು ಜನ್ಮಕ್ಕಾಗುವಷ್ಟು ಲಿವರ್ ಪುರಾಣ ಕೇಳಿದ್ದೇನೆ. ಉಬ್ಬಿದ ಹೊಟ್ಟೆ, ಹಳದಿ ಕಣ್ಣು, ಕೊನೆಗೆ ನನ್ನನ್ನೇ ನೋಡಿ "ಯಾರಮ್ಮ ನೀನು?" ಎಂದದ್ದು. ಸಾಕು.

ನಿನ್ನ,
ಪಟಾಕಿ


ಮಾರ್ಚ್ 9

ಪಟಾಕಿಗೆ,

ನಿನ್ನ ಕಾಗದ ಓದಿ ಸಮಾಧಾನವಾಯಿತು. ನಮ್ಮ ಕೆಲಸದ ಕಟ್ಟಳೆ ನಿನಗೆ ಗೊತ್ತಲ್ಲ: ತೋರಿಸುವುದು ನಾನು, ಹೇಳುವುದು ಡಾಕ್ಟರು. ಮಲಗಿದವರು ಪರದೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನನ್ನ ಹುಬ್ಬು ಒಂಚೂರು ಏರಿದರೂ ಅವರ ಎದೆ ಒಡೆದುಹೋಗುತ್ತದೆ. ಅದಕ್ಕೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕನ್ನಡಿ ಮುಂದೆ ನಿಂತು ಈ ಗೋಡೆ ಕಟ್ಟಿಕೊಂಡೆ. ನಿನ್ನ ಕಿರುಚಾಟಕ್ಕೂ ಅದು ಬೀಳಲಿಲ್ಲ ನೋಡು.

ನೀನು ಬೇಡವೆಂದ ಮಾತನ್ನು ನಾನು ಎತ್ತುವುದಿಲ್ಲ. ನಿನ್ನ ಅಪ್ಪನ ಆ ದಿನಗಳನ್ನು ನಿನ್ನ ಪಕ್ಕದಲ್ಲೇ ಕೂತು ನೋಡಿದವಳು ನಾನು. ಆದರೆ ಮಾಡಬೇಕಾದದ್ದನ್ನು ಮಾಡು. ಎಣ್ಣೆ, ಸಿಹಿ ಕಡಿಮೆಯಿರಲಿ. ಸಂಜೆ ಅಣ್ಣನನ್ನು ನಡೆಸು. ಅವನು ಅಂಗಡಿ ಬೋರ್ಡು ಬರೆಯುವ ಕೋಣೆಯ ಕಿಟಕಿ ಮುಚ್ಚಲು ಬಿಡಬೇಡ, ಆ ಥಿನ್ನರ್ ವಾಸನೆ ಒಳ್ಳೆಯದಲ್ಲ. ಕಂಡಕಂಡವರು ಕೊಟ್ಟ ಪುಡಿ, ಕಷಾಯ ಏನೂ ಬೇಡ. ಆಗಸ್ಟಿನಲ್ಲಿ ಇನ್ನೊಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ಇದೊಂದನ್ನು ಮಾತ್ರ ತಪ್ಪಿಸಬೇಡ.

ಇಲ್ಲಿ ಎಲ್ಲ ಹಾಗೆಯೇ ಇದೆ. ಕ್ಯಾಂಟೀನಿನ ಚಹಾ ಈಗಲೂ ಬಿಸಿನೀರಿಗೆ ಬಣ್ಣ ಬಳಿದಂತಿದೆ.

ಗೋಡೆ


ಮೇ 2

ಮಾನ್ಯ ನಾದಿನಿಯವರಿಗೆ,

ನಿಮ್ಮ ಆಜ್ಞಾಪತ್ರ ತಲುಪಿ ಎಷ್ಟೋ ದಿನವಾಯಿತು. ಉತ್ತರಿಸಲು ತಡವಾದದ್ದಕ್ಕೆ ಕ್ಷಮಿಸುವುದು. ಎಣ್ಣೆ ಅಳೆಯುವುದರಲ್ಲಿ, ಕಿಟಕಿ ತೆರೆಯುವುದರಲ್ಲಿ, ಗಂಡನನ್ನು ಬೀದಿಬೀದಿ ನಡೆಸುವುದರಲ್ಲಿ ಹೊತ್ತೇ ಸಿಗಲಿಲ್ಲ.

ಅಲ್ಲ ಕಣೇ, ನಿನಗೆ ಯಾವಾಗಿನಿಂದ ಈ ಬುದ್ಧಿ ಬಂತು? ಅತ್ತೆಯಿಲ್ಲದ ಮನೆಗೆ ತಂದು ಬಿಟ್ಟಿದ್ದೇನೆ, ನಿನ್ನ ಅಡಿಗೆಮನೆಗೆ ಯಾರೂ ಇಣುಕುವುದಿಲ್ಲ ಎಂದು ಮದುವೆಯ ದಿನ ನೀನೇ ಭಾಷೆ ಕೊಟ್ಟಿದ್ದೆ. ಈಗ ಅಷ್ಟು ದೂರದಿಂದ ನೀನೇ ಇಣುಕುತ್ತಿದ್ದೀಯ. ಇವರಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. "ಅವಳಿಗೆ ಮೊದ್ಲಿಂದಾನೂ ನಿನ್ನ ಕೈರುಚಿ ಮೇಲೆ ಹೊಟ್ಟೆಕಿಚ್ಚು. ಬಿಟ್ಟಾಕು" ಎಂದರು.

ಇವರಿಗೆ ಕೈತುಂಬ ಕೆಲಸ. ಹೊಸ ಮಾರುಕಟ್ಟೆಯ ಒಂದಿಡೀ ಸಾಲಿನ ಅಂಗಡಿಗಳ ಬೋರ್ಡು ಇವರಿಗೇ ಸಿಕ್ಕಿದೆ. ಹಾಗಾಗಿ ಆಗಸ್ಟಿನಲ್ಲಿ ಬರುವುದು ಆಗದ ಮಾತು. ನಿನ್ನ ಯಂತ್ರಕ್ಕೆ ಬೇರೆ ಕುರಿ ಹುಡುಕಿಕೋ. ದುಡಿದು ಬಂದು ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆಯವರೆಗೂ ಏಳುವುದಿಲ್ಲ, ಪಾಪ. ಏಳಿಸಿ ನಡೆಸಲು ನನಗೆ ಮನಸ್ಸು ಬರುವುದಿಲ್ಲ.

ಕೋಪ ಮಾಡಿಕೊಳ್ಳಬೇಡ. ನಾನು ಮಾತ್ರ ಸ್ವಲ್ಪ ಮಾಡಿಕೊಂಡಿದ್ದೇನೆ.

ಪಟಾಕಿ


ಮೇ 20

ಅತ್ತಿಗೆಗೆ,

ಇದು ನಗುವ ವಿಷಯವಲ್ಲ. ನಿನ್ನ ಅಡಿಗೆಯ ವಿಷಯವೂ ಅಲ್ಲ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ತಿಳಿಯದವರು ಎಂದು ಬಿಡಬಹುದಿತ್ತು. ನೀನು ತಿಳಿದವಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೆ ಇರುತ್ತದೆಯೆ?

ಅವನು ನಿನಗೆ ಗಂಡನಿರಬಹುದು, ನನಗೂ ಒಬ್ಬನೇ ಅಣ್ಣ. ಆಗಸ್ಟಿನಲ್ಲಿ ಕರೆದುಕೊಂಡು ಬಾರದಿದ್ದರೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ.


ಆಗಸ್ಟ್ 30

ಪಟಾಕಿಗೆ,

ಮೇ ತಿಂಗಳ ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ. ಅಂಥ ಕಾಗದಕ್ಕೆ ಉತ್ತರ ಬರೆಯಬಾರದು. ಬರೆದ ಕೈಯನ್ನು ಎಷ್ಟು ಸಲ ಬೈದುಕೊಂಡಿದ್ದೇನೋ.

ನಿನ್ನೆ ಅಣ್ಣ ಫೋನು ಮಾಡಿದ್ದ. ಇಲ್ಲಿಗೆ ಬರಲಾಗದಿದ್ದರೂ ನೀನೇ ಹಟ ಹಿಡಿದು ಅಲ್ಲಿಯ ಆಸ್ಪತ್ರೆಗೇ ಕರೆದುಕೊಂಡು ಹೋದೆಯಂತೆ. ಸ್ಕ್ಯಾನಿಂಗ್ ಮಾಡಿಸಿದಿರಂತೆ. ಫೆಬ್ರವರಿಯಲ್ಲಿ ಅಷ್ಟು ಗಟ್ಟಿಯಾಗಿದ್ದ ಲಿವರು ಈಗ ಅರ್ಧಕ್ಕರ್ಧ ಮೆತ್ತಗಾಗಿದೆ, ನಿಮ್ಮ ಮನೆಯವರ ಆರೈಕೆ ದೊಡ್ಡದು ಎಂದು ಡಾಕ್ಟರು ನಿನ್ನೆದುರೇ ಹೇಳಿದರಂತೆ. ಕೇಳಿ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಗೋಡೆಗೆ ನೀರು ಇಳಿದಿದೆ ಎಂದು ಜೊತೆಯವರು ತಮಾಷೆ ಮಾಡಿದರು.

ಅಪ್ಪನನ್ನು ಕಳೆದುಕೊಂಡವಳು ನೀನು. ಅದೇ ಕಾಯಿಲೆ ಗಂಡನಿಗೂ ಶುರುವಾಗಿದೆ ಎಂದು ತಿಳಿದೂ ಅದರ ಹೆಸರೆತ್ತದೆ, ಅಳದೆ, ಇಷ್ಟು ಮಾಡಿದೆಯಲ್ಲ. ನಿನಗೆ ನಾನು ಹೇಗೆ ಧನ್ಯವಾದ ಹೇಳಲಿ?

ನಿನ್ನ,
ಗೋಡೆ


ಸೆಪ್ಟೆಂಬರ್ 5

ನಿನ್ನ ಧನ್ಯವಾದ ಬಂತು.

ನಾನು ಯಾರ ಜೊತೆಗೂ ಯಾವ ಆಸ್ಪತ್ರೆಗೂ ಹೋಗಿಲ್ಲ. ಯಾವ ಡಾಕ್ಟರೂ ನನ್ನೆದುರು ಏನೂ ಹೇಳಿಲ್ಲ. ಫೆಬ್ರವರಿಯಲ್ಲಿ ಬಸ್ಸಿನಲ್ಲಿ ನಿಮ್ಮಣ್ಣ ನನಗೆ ಹೇಳಿದ್ದೇನು ಗೊತ್ತೆ? "ಇಬ್ಬರದ್ದೂ ಬೆಣ್ಣೆ ಥರ ಇದೆಯಂತೆ" ಎಂದರು. ಹೇಳಿ, ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ನಿನ್ನ ಕಾಗದವನ್ನು ಬಾಗಿಲಲ್ಲಿ ನಿಂತು ಓದಿದೆ. ಮತ್ತೆ ಮೊದಲಿಂದ ಓದಿದೆ. ಬಣ್ಣದ ಕೋಣೆಗೆ ಹೋದೆ. ಔಷಧಿ ಅಂಗಡಿಯ ಬೋರ್ಡು ಬರೆಯುತ್ತಿದ್ದರು. ಸ್ವಲ್ಪ ದಿನದಿಂದ ಅಂಗಡಿಯವರು ಇವರ ಬೋರ್ಡುಗಳನ್ನು ವಾಪಸ್ಸು ಕಳಿಸುತ್ತಿದ್ದರು, ಸಾಲು ಕೊನೆಗೆ ಹೋಗುತ್ತ ಕೆಳಗೆ ಜಾರುತ್ತದೆ ಎಂದು. ದಾರ ಕಟ್ಟದೆ ನೇರ ಗೆರೆ ಎಳೆಯುತ್ತಿದ್ದ ಕೈ ಅದು. ಕನ್ನಡಕ ಬದಲಾಯಿಸಿ ಎಂದು ನಾನೇ ಬುದ್ಧಿ ಹೇಳಿದ್ದೆ. ಎಂಥ ಜಾಣೆ ನಾನು!

"ಕುಂಚ ಕೆಳಗಿಡಿ" ಎಂದೆ. "ಎರಡೂ ಕೈ ಮುಂದೆ ಚಾಚಿ. ಅಂಗೈ ಹಿಂದಕ್ಕೆ ಮಡ್ಸಿ."

"ಏನು, ಪೊಲೀಸ್ ಹಿಡೀತಾರಾ?" ಎಂದು ನಕ್ಕರು. ಆದರೂ ಚಾಚಿದರು. ಅಂಗೈ ನಿಲ್ಲಲಿಲ್ಲ. ಎತ್ತಿ ಹಿಡಿದಷ್ಟು ಸಲವೂ ಸೋತು ಸೋತು ಬಿತ್ತು. ಲಿವರು ಸೋತ ಮೇಲೆ ಅಪ್ಪನ ಕೈ ಹಾಗೆಯೇ ಬೀಳುತ್ತಿತ್ತು. ಪ್ರತಿದಿನ ಬೆಳಿಗ್ಗೆ ನಾನು ನೋಡುತ್ತಿದ್ದೆನಲ್ಲ, ನೀನೂ ನೋಡಿದ್ದೀಯ.

"ಫೆಬ್ರವರೀಲಿ ಡಾಕ್ಟ್ರು ಏನಂದ್ರು?"

"ಈಗ್ಯಾಕೆ ಅದು?"

"ಏನಂದ್ರು?"

"ಗಟ್ಟಿ ಆಗಿದೆ ಅಂದ್ರು. ಈಗ್ಲೇ ನೋಡ್ಕೊಂಡ್ರೆ ತಡೀಬಹುದು ಅಂದ್ರು."

"ನೋಡ್ಕೊಂಡ್ರಾ?"

ಬಣ್ಣದ ಡಬ್ಬಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದು ತೋರಿಸಿದರು. ಹೆಸರಿಲ್ಲ, ಚೀಟಿಯಿಲ್ಲ, ಒಳಗೆ ಕಂದು ಪುಡಿ. ಲಿವರ್ ತೊಳೆಯುವ ಪುಡಿಯಂತೆ. ಪರಿಚಯದವನೊಬ್ಬ ಮಾರಿದ್ದಂತೆ. ಮಾರ್ಚಿನಿಂದ ದಿನಾ ಎರಡು ಹೊತ್ತು ನುಂಗಿದ್ದಾರೆ. "ವಾಸಿ ಆದ್ಮೇಲೆ ಹೇಳೋಣ ಅಂತಿದ್ದೆ. ನಿಮ್ಮಪ್ಪನ್ನ ನೋಡ್ಕೊಂಡು ನೀನು ಅರ್ಧ ಆಗೋಗಿದ್ದೆ. ಮತ್ತೆ ಅದನ್ನೇ ನಿನ್ನ ತಲೆ ಮೇಲೆ ಹಾಕೋಕೆ ಮನಸ್ಸು ಬರ್ಲಿಲ್ಲ. ನಿನಗೋಸ್ಕರಾನೇ ಸುಮ್ನಿದ್ದೆ ಕಣೇ."

"ನನ್ನ ಕೇಳಿದ್ರಾ?" ಎಂದೆ. ಡಬ್ಬಿಯ ಮುಚ್ಚಳ ಹಾಕಿದರು.

ನಿಮ್ಮಣ್ಣನ ಕಥೆ ಅಷ್ಟು. ಈಗ ನಿನ್ನದು. ಅವರು ಹೆದರಿದರು, ಸುಳ್ಳು ಹೇಳಿದರು. ಹೆದರಿದ ಗಂಡಸು ಸುಳ್ಳು ಹೇಳುವುದು ಹೊಸದಲ್ಲ. ನೀನು ಹೆದರಿರಲಿಲ್ಲ. ನಿನ್ನ ಕಣ್ಣೆದುರಿನ ಪರದೆಯ ಮೇಲೆ ಎಲ್ಲ ಇತ್ತು. ಮೇ ತಿಂಗಳಲ್ಲಿ ನೀನು ಬೈದು ಬರೆದಾಗ ನಾನು ಆ ಕಾಗದ ಹಿಡಿದುಕೊಂಡು ಇವರನ್ನೇ ಕೇಳಿದೆ, ಇದೇನು ಹೀಗೆ ಬರೆದಿದ್ದಾಳೆ ಎಂದು. "ದಿನಾ ರೋಗಿಗಳನ್ನ ನೋಡಿ ನೋಡಿ ಅವಳಿಗೆ ಎಲ್ಲರ ಹೊಟ್ಟೆ ಮೇಲೂ ಅನುಮಾನ" ಎಂದರು. ನಂಬಿದೆ. ಗಂಡನನ್ನು ನಂಬದೆ ಇನ್ನಾರನ್ನು ನಂಬಬೇಕಿತ್ತು? ಆದರೆ ನಿನ್ನ ಯಾವ ಕಾಗದದಲ್ಲಿಯೂ "ಅಣ್ಣನ ಲಿವರು ಗಟ್ಟಿಯಾಗಿದೆ" ಎಂಬ ಒಂದು ಸಾಲು ಇರಲಿಲ್ಲ. ಎಣ್ಣೆ ಇತ್ತು, ಕಿಟಕಿ ಇತ್ತು, ಕ್ಯಾಂಟೀನಿನ ಚಹಾ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಅಪ್ಪನ ಕಾಲದಲ್ಲಿ ನಮ್ಮೂರಲ್ಲಿ ಇಂಥ ಯಂತ್ರ ಇರಲಿಲ್ಲ. ಕಣ್ಣು ಹಳದಿಯಾದ ಮೇಲೆಯೇ ನಮಗೆ ತಿಳಿದದ್ದು. ಒಂದು ವರ್ಷ ಮೊದಲು ಗೊತ್ತಾಗಿದ್ದರೆ ಎಂದು ನಿನ್ನ ಹೆಗಲ ಮೇಲೆಯೇ ಅತ್ತಿದ್ದೇನೆ. ಈ ಸಲ ಮೊದಲೇ ಗೊತ್ತಾಗಿತ್ತು. ಯಂತ್ರಕ್ಕೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ಅಣ್ಣನಿಗೆ ತಂಗಿಗೆ ಇಬ್ಬರಿಗೂ ಗೊತ್ತಿತ್ತು. ದಿನಾ ಎದುರಿಗೆ ಕೂತು ಬಡಿಸುವವಳಿಗೆ ಮಾತ್ರ ಗೊತ್ತಿರಲಿಲ್ಲ. ರಕ್ತ ರಕ್ತದ ಕಡೆಗೇ ಎಳೆಯಿತು. ನಾನು ಹೊರಗಿನಿಂದ ಬಂದವಳು ಎಂಬುದು ಈಗ ಸರಿಯಾಗಿ ತಿಳಿಯಿತು.

ಇವತ್ತು ಬೆಳಕಿನಲ್ಲಿ ನಿಲ್ಲಿಸಿ ನೋಡಿದೆ. ಕಣ್ಣು ಹಳದಿಯಾಗಲು ಶುರುವಾಗಿದೆ.


ಸೆಪ್ಟೆಂಬರ್ 12

ಅತ್ತಿಗೆ,

ಮೊದಲು ಈ ಸಾಲು ಓದು: ಈ ಕಾಗದ ಸಿಕ್ಕ ಕೂಡಲೇ ಅಣ್ಣನನ್ನು ಇಲ್ಲಿಗೆ ಕರೆದುಕೊಂಡು ಬಾ. ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಹಾಸಿಗೆ ಇದೆ. ಆ ಪುಡಿಯ ಡಬ್ಬಿಯನ್ನೂ ಎಸೆಯದೆ ತಾ. ನೀನು ಫೋನು ಎತ್ತುತ್ತಿಲ್ಲ, ಅಣ್ಣನ ಫೋನಿಗೆ ಮಾಡಿದರೆ ಅವನು "ಎಲ್ಲ ಸರಿ ಇದೆ" ಎನ್ನುತ್ತಾನೆ. ಆ ಮಾತನ್ನು ಇನ್ನು ಈ ಜನ್ಮದಲ್ಲಿ ನಂಬಲಾರೆ.

ಈಗ ಉಳಿದದ್ದು. ಅಂದು ಆ ಕೋಣೆಯಲ್ಲಿ ಡಾಕ್ಟರು ಹೇಳಿ ಹೋದ ಮೇಲೆ ಅಣ್ಣ ನನ್ನ ಕೈ ಹಿಡಿದುಕೊಂಡ. "ಅವಳಿಗೆ ಹೇಳ್ಬೇಡ. ನಾನೇ ಹೇಳ್ತೀನಿ" ಎಂದ. ಗಂಡ ಹೆಂಡತಿ ನಡುವಿನ ಮಾತು, ನಾನು ಯಾರು ಎಂದುಕೊಂಡೆ. ಮಲಗಿದವರ ವಿಷಯ ಅವರ ಬಾಯಿಂದಲೇ ಹೊರಗೆ ಹೋಗಬೇಕೆಂಬ ಪಾಠ ನಮಗೆ ಮೊದಲ ದಿನದ್ದು. ಆಮೇಲೆ ನಿನ್ನ ಕಾಗದ ಬಂತು, ಎಲ್ಲ ಹೇಳಿದರು, ಆ ಮಾತು ಎತ್ತಬೇಡ ಎಂದು. ಅದೇ ವಾರ ಅಣ್ಣನ ಫೋನು: "ಹೇಳಿದ್ದೀನಿ. ರಾತ್ರಿಯೆಲ್ಲ ಅತ್ತಳು. ನೀನು ಕಾಗದದಲ್ಲೂ ಅದರ ಹೆಸರು ಬರೀಬೇಡ, ಓದಿದ್ರೆ ಊಟ ಬಿಡ್ತಾಳೆ." ನಿನ್ನ ಮಾತು, ಅವನ ಮಾತು ಎರಡೂ ತಾಳೆಯಾದವು. ನಾನು ಸುಮ್ಮನಾದೆ. ನಿನ್ನನ್ನು ನೋಯಿಸಬಾರದೆಂದು ಸುಮ್ಮನಾದೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಅಣ್ಣನೂ ನಿನಗೆ ಅದನ್ನೇ ಹೇಳಿದ್ದು.

ನನಗೂ ಮೋಸವಾಗಿದೆ. ನಿನಗಾದಷ್ಟಲ್ಲ, ಗೊತ್ತು. ಆದರೆ ಒಂದು ಮಾತು ನನಗೂ ಹೇಳಬೇಕಾಗಿದೆ. ಎಣ್ಣೆ ಕಡಿಮೆ ಮಾಡು ಎಂದು ನಾನು ಬರೆದಾಗ ನೀನು ಅದನ್ನು ಗೆಳತಿಯ ಮಾತೆಂದು ಓದಿದ್ದರೆ, ಯಾಕೆ ಹೀಗೆ ಬರೆದಿದ್ದಾಳೆ ಎಂದು ನನ್ನನ್ನೇ ಕೇಳುತ್ತಿದ್ದೆ. ನೀನು ಅದನ್ನು ನಾದಿನಿಯ ಕೊಂಕೆಂದು ಓದಿದೆ. ನಾನೂ ಅಷ್ಟೇ, ನಿನ್ನ ನಗುವನ್ನು ಹೆದರಿದವಳ ನಟನೆ ಎಂದು ಓದಿದೆ. ಅಣ್ಣ ಸುಳ್ಳು ಹೇಳಿದ್ದು ನಿಜ. ಅದು ಇಷ್ಟು ದಿನ ಬಾಳಿದ್ದು ನಮ್ಮಿಬ್ಬರಿಂದ.

ಬೈಯಬೇಕಾದದ್ದನ್ನೆಲ್ಲ ಇಲ್ಲಿಗೆ ಬಂದು ಬೈ. ಬೇಗ ಬಾ.


ಅಕ್ಟೋಬರ್ 21

ನೀನು ಎರಡು ಮಹಡಿ ಕೆಳಗಿದ್ದೀಯ. ಇಳಿದು ಬಂದರೆ ಮಾತಾಡಬಹುದು. ಇಳಿಯಲು ಕಾಲು ಬರುತ್ತಿಲ್ಲ, ಅದಕ್ಕೆ ಮತ್ತೆ ಚೀಟಿ. ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾವು ಬಂದ ದಿನ ನೀನು ಸ್ಕ್ಯಾನಿಂಗಿಗೆ ಬೇರೆಯವರನ್ನು ಕರೆಯುತ್ತೇನೆ ಎಂದೆ. ನಾನು ಬಿಡಲಿಲ್ಲ. ನೀನೇ ಮಾಡಬೇಕು, ನಾನು ಒಳಗೇ ನಿಲ್ಲಬೇಕು ಎಂದೆ. ಪರದೆಯಲ್ಲಿ ನನಗೇನು ತಿಳಿಯುತ್ತದೆ? ನಾನು ನೋಡುತ್ತಿದ್ದದ್ದು ನಿನ್ನ ಮುಖವನ್ನು. ನೀನು ಯಂತ್ರದ ಆ ಕಡ್ಡಿಯನ್ನು ಇವರ ಪಕ್ಕೆಗೆ ಒತ್ತಿದೆ, ಪರದೆ ನೋಡಿದೆ, ಮುಖ ತಿರುಗಿಸಿ ನೇರ ನನ್ನನ್ನು ನೋಡಿದೆ. ಗೋಡೆ ಇರಲಿಲ್ಲ. ಡಾಕ್ಟರು ಬರುವ ಮೊದಲೇ ನನಗೆ ಎಲ್ಲ ತಿಳಿಯಿತು. ಇಷ್ಟು ವರ್ಷದ ಕೆಲಸದಲ್ಲಿ ನೀನು ಮುರಿದ ಮೊದಲ ಕಟ್ಟಳೆ ಅದೇ ಇರಬೇಕು. ಏಳು ತಿಂಗಳು ತಡವಾಗಿ ಮುರಿದೆ.

ಇವರ ಲಿವರು ಇನ್ನು ನಡೆಯುವುದಿಲ್ಲ, ಆ ಪುಡಿ ಉಳಿದದ್ದನ್ನೂ ಸುಟ್ಟಿದೆ, ಹತ್ತಿರದವರು ಯಾರಾದರೂ ತಮ್ಮದರಲ್ಲಿ ಒಂದು ಭಾಗ ಕೊಟ್ಟರೆ ಉಳಿಯುತ್ತಾರೆ ಎಂದರು ಡಾಕ್ಟರು. ನಿನ್ನ ರಕ್ತ ಹೊಂದಲಿಲ್ಲ. ರಕ್ತ ರಕ್ತದ ಕಡೆಗೇ ಎಂದು ಬರೆದಿದ್ದೆನಲ್ಲ, ಅದನ್ನು ಅಷ್ಟರ ಮಟ್ಟಿಗೆ ವಾಪಸ್ಸು ತೆಗೆದುಕೊಂಡಿದ್ದೇನೆ. ನನ್ನ ಲಿವರಿನ ಭಾಗ ಕೇಳೋಣವೆ ಎಂದು ನೀನು ಇವರನ್ನು ವಿಚಾರಿಸಿದಾಗ "ಅವಳನ್ನ ಕೇಳ್ಬೇಡ. ನಾನೇ ಹೇಳ್ತೀನಿ" ಎಂದರಂತೆ. ಈ ಸಲ ನೀನು ಆ ಮಾತು ಮುಗಿಯುವ ಮೊದಲೇ ಬಂದು ನನಗೆ ಹೇಳಿದೆ. ಅದಕ್ಕೇ ಈ ಚೀಟಿ ನಿನಗೆ ಬರುತ್ತಿರುವುದು. ಕ್ಷಮಿಸಿದ್ದೇನೆ ಎಂದು ಮಾತ್ರ ಓದಿಕೊಳ್ಳಬೇಡ.

ಅವತ್ತಿನಿಂದ ಇವರು ನನ್ನೆದುರು ಮಲಗಿದ್ದಾರೆ. ಫ್ಯಾನಿನ ಸದ್ದಿನ ಬಗ್ಗೆ ಮಾತಾಡುತ್ತಾರೆ. ವಾರ್ಡಿನ ಬಾಗಿಲ ಮೇಲಿನ ಅಕ್ಷರ ಸೊಟ್ಟಗಿದೆ ಎನ್ನುತ್ತಾರೆ. ನನ್ನ ಕೈ ಹಿಡಿದುಕೊಳ್ಳುತ್ತಾರೆ. ಕೇಳಬೇಕಾದದ್ದನ್ನು ಕೇಳುವುದಿಲ್ಲ. ಹೇಳಬೇಕಾದದ್ದನ್ನೂ ಹೇಳುವುದಿಲ್ಲ. ಒಂದು ದಿನ ನಿದ್ದೆಗಣ್ಣಿನಲ್ಲಿ "ಯಾರು?" ಎಂದರು. ನನ್ನ ಜೀವ ಬಾಯಿಗೆ ಬಂತು. ನರ್ಸಮ್ಮನನ್ನು ಕೇಳಿದ್ದಂತೆ.

ಎಲ್ಲ ಪರೀಕ್ಷೆ ಮುಗಿಸಿದ್ದೇನೆ. ನಿನ್ನ ಯಂತ್ರದ ಕೆಳಗೂ ಮಲಗಿದೆ. ನೀನು ರಜೆಯಿದ್ದ ದಿನ ನೋಡಿಕೊಂಡು ಹೋದೆ. ನನ್ನದು ಈಗಲೂ ಮೆತ್ತಗೇ ಇದೆಯಂತೆ. ನನಗೆ ಆಶ್ಚರ್ಯವಾಯಿತು. ಈ ತಿಂಗಳುಗಳಲ್ಲಿ ಒಳಗೆ ಎಲ್ಲ ಕಲ್ಲಾಗಿದೆ ಎಂದುಕೊಂಡಿದ್ದೆ. ಕತ್ತರಿಸಿ ಕೊಟ್ಟದ್ದು ಸ್ವಲ್ಪ ದಿನದಲ್ಲೇ ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರು. ಹಾಗಿದ್ದರೆ ಕೊಡಬಹುದು. ಬೇರೆ ಏನನ್ನು ಕೇಳಿದರೂ ನನ್ನ ಹತ್ತಿರ ಈಗ ಉಳಿದಿಲ್ಲ. ಇವತ್ತು ಬೆಳಿಗ್ಗೆ ಒಪ್ಪಿಗೆಗೆ ಸಹಿ ಹಾಕಿ ಬಂದೆ. ಸೋಮವಾರ ಆಪರೇಷನ್ನು.

ಇವರಿಗೆ ಯಾರೋ ಹೊರಗಿನವರು ಕೊಡುತ್ತಿದ್ದಾರೆ ಎಂದು ತಿಳಿಸಲು ಡಾಕ್ಟರಿಗೆ ಹೇಳಿದ್ದೇನೆ. ಕೇಳಿ ಮಗುವಿನ ಹಾಗೆ ಅತ್ತರು. "ದೇವರಂಥವರು ಯಾರೋ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮುಖ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ನಿನ್ನಿಂದ ಕಲಿತದ್ದು.

ನೀನು ಇವರಿಗೆ ಹೇಳಬೇಡ. ನಾನೇ ಹೇಳ್ತೀನಿ.